ಗೋಡೆಗೆ ತಾಗಿದ ಗೆರೆ

ಬೆಳಗಿನ ಜಾವ ನಾಲ್ಕೂ ಇಪ್ಪತ್ತಕ್ಕೆ ಬೇಕರಿಯ ಹಿರಿಯ ಯಜಮಾನರು ಮನೆಯ ಮೆಟ್ಟಿಲಿನಿಂದ ಬಿದ್ದರು.

ಓವನ್ ಮೂರೂವರೆಗೇ ಹಚ್ಚಬೇಕಿತ್ತು. ಮಗನಿಗೆ ಎಚ್ಚರವಾಗಿರಲಿಲ್ಲ. ಬೇಕರಿಯನ್ನು ಮಗನಿಗೆ ಬಿಟ್ಟುಕೊಟ್ಟು ವರ್ಷಗಳೇ ಕಳೆದಿದ್ದರೂ ಆ ಹೊತ್ತಿಗೆ ಕಣ್ಣು ಬಿಡುವ ಅಭ್ಯಾಸ ಮುದುಕರಿಗೆ ಹೋಗಿರಲಿಲ್ಲ. ಕೆಳಗಿನಿಂದ ಸದ್ದಿಲ್ಲವಲ್ಲ ಎಂದು ತಾವೇ ಇಳಿದರು. ಕೊನೆಯ ತಿರುವಿನಲ್ಲಿ ಕಾಲು ಜಾರಿತು, ಸೊಂಟದ ಮೂಳೆ ಮುರಿಯಿತು. ಅಂದು ಅಂಗಡಿ ತೆರೆಯಲಿಲ್ಲ.

ಆಪರೇಷನ್ ಮುಗಿದು ಮನೆಗೆ ಕಳಿಸುವಾಗ ಡಾಕ್ಟರು ಹೇಳಿದ್ದು ಇಷ್ಟೇ: ವಾಕರ್ ಹಿಡಿದು ನಡೆಯಬಹುದು, ಮೆಟ್ಟಿಲು ಮಾತ್ರ ಇನ್ನು ಬೇಡ.

ಮನೆ ಎರಡು ಅಂತಸ್ತಿನದು. ಕೆಳಗೆ ರಸ್ತೆಗೆ ಮುಖ ಮಾಡಿ ಅಂಗಡಿ, ಅದರ ಹಿಂದೆ ಓವನ್ ಕೋಣೆ, ಕೊನೆಗೆ ಅಡುಗೆಮನೆ. ಮಲಗುವ ಕೋಣೆಗಳೂ ಬಚ್ಚಲೂ ಮೇಲೆ. ಅಂಗಡಿಯಲ್ಲಿ ಮಂಚ ಹಾಕುವಂತಿಲ್ಲ, ಓವನ್ ಕೋಣೆಯ ಸೆಕೆಯಲ್ಲಿ ಮಲಗುವಂತಿಲ್ಲ. ಹಾಗಾಗಿ ಮುದುಕರ ಮಂಚ ಅಡುಗೆಮನೆಗೆ ಬಂತು. ಊಟದ ಮೇಜನ್ನು ಗೋಡೆಗೆ ಒತ್ತರಿಸಿದರು. ಒಂದು ಮೂಲೆಗೆ ಪರದೆ ಕಟ್ಟಿ, ಅದರ ಹಿಂದೆ ಶೌಚದ ಕುರ್ಚಿ ಇಟ್ಟರು. ಮೈಯನ್ನು ಸ್ಪಂಜಿನಿಂದ ಒರೆಸುವುದಷ್ಟೇ, ಸ್ನಾನವಿಲ್ಲ. ಬದುಕಿಡೀ ಬಿಳಿ ಅಂಗಿ ತೊಟ್ಟು ನಿಂತಿದ್ದ ಮನುಷ್ಯ ಈಗ ಆ ಪರದೆಯ ಹಿಂದೆ ಹೋಗಬೇಕಾದಾಗ ರೇಡಿಯೊ ಜೋರು ಮಾಡಿ ಅನ್ನುತ್ತಿದ್ದರು. ಮನೆಯವರೆಲ್ಲ ಆಗ ಅಂಗಡಿಯ ಕಡೆ ಏನೋ ಕೆಲಸ ಹುಡುಕಿಕೊಂಡು ಹೋಗುತ್ತಿದ್ದರು.

ಇನ್ನೊಂದು ತೊಂದರೆಯೂ ಆಯಿತು. ಮನೆಯಲ್ಲಿ ಜಗಳಕ್ಕೆ ಜಾಗವಿಲ್ಲದಂತಾಯಿತು. ಮೊದಲೆಲ್ಲ ಮಗನೂ ಸೊಸೆಯೂ ಅಡುಗೆಮನೆಯಲ್ಲೇ ವಾದ ಮಾಡಿ ಮುಗಿಸುತ್ತಿದ್ದರು. ಈಗ ಅಲ್ಲಿ ಬಾಯಿ ತೆರೆದರೆ ಮಂಚದಿಂದ ಉತ್ತರ ಬರುತ್ತಿತ್ತು.

“ಅಡುಗೆಮನೇಲಿ ಮಲಗಿದೋನಿಗೆ ಪೇಪರ್ ಬೇಕಾಗಿಲ್ಲ,” ಎಂದು ಮುದುಕರು ಮೊಮ್ಮಗಳಿಗೆ ಹೇಳಿದರು. “ಎಲ್ಲ ಸುದ್ದಿ ಬಿಸಿಬಿಸಿಯಾಗಿ ಸಿಗತ್ತೆ.”

ಒಂದು ಮಧ್ಯಾಹ್ನ, ಬೇಕರಿಯ ಕೆಲಸ ಮುಗಿಸಿ, ಮಗ ಟೇಪು ಹಿಡಿದು ಅಡುಗೆಮನೆಯ ಹಿಂಬದಿಗೆ ಹೋದ. ಟೇಪಿನ ಇನ್ನೊಂದು ತುದಿ ಮೊಮ್ಮಗಳ ಕೈಯಲ್ಲಿತ್ತು. ಶಾಲೆ ಮುಗಿಸಿ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಕೆಲಸ ಕಲಿಯುತ್ತಿದ್ದ ಅವಳಿಗೆ ಯಾವ ಗೋಡೆ ಕಂಡರೂ ವೈರಿನ ಯೋಚನೆ.

“ಹತ್ತಡಿ ಉದ್ದ, ಎಂಟಡಿ ಅಗಲ. ಮೂಲೆಗೊಂದು ಬಚ್ಚಲು. ಅಪ್ಪನಿಗೆ ಧಾರಾಳ ಆಯ್ತು,” ಎಂದ ಮಗ.

“ಸ್ವಿಚ್ಚು ಹಾಸಿಗೆ ಪಕ್ಕ ಬರ್ಲಿ. ತಾತ ಅದಕ್ಕೋಸ್ಕರ ಏಳ್ಬಾರ್ದು.”

ಸೊಸೆ ಔಷಧಿ ಅಂಗಡಿಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದಳು. ಚೀಲ ಹೆಗಲಲ್ಲೇ ಇತ್ತು.

“ಏನ್ರೀ ಇದು?”

“ಕಾಣಿಸ್ತಿಲ್ವಾ? ಅಳೀತಿದೀನಿ.”

“ಅಲ್ಲಿ ಕಟ್ಟೋ ಹಾಗಿಲ್ಲ.”

“ಜಾಗ ಅಪ್ಪಂದು ಕಣೇ.”

“ಜಾಗ ಮಾವಂದೇ. ಕಟ್ಟೋ ಹಕ್ಕು ಬಿಟ್ಟುಕೊಟ್ಟಾಗಿದೆ.”

“ಬಿಟ್ಟಿದ್ದು ಹುಲ್ಲುಗಾವಲಿಗೆ. ಇದು ಮನೆ ಹಿತ್ಲು.”

“ಹಿತ್ಲು ಅಂತ ನಮಗೆ ಇಲ್ಲವೇ ಇಲ್ಲ. ಗೆರೆ ಗೋಡೆಗೇ ತಾಗಿದೆ.”

ಕಿಟಕಿಯ ಒಳಗಿನಿಂದ ಮುದುಕರ ದನಿ ಬಂತು. “ತಾಗಿಸಿದ್ದು ನಾನೇ.”

ಅದು ನಿಜ. ಮನೆಯ ಹಿಂದಿನಿಂದ ನದಿಯವರೆಗೆ ಜೌಗು ಹುಲ್ಲುಗಾವಲು. ಟಿಟ್ಟಿಭ ಹಕ್ಕಿಗಳು ಅಲ್ಲಿ ನೆಲದ ಮೇಲೆ ಮೊಟ್ಟೆಯಿಡುತ್ತವೆ. ಮುದುಕರು ಅದನ್ನು ಕೊಂಡದ್ದು ಹಕ್ಕಿಗಳ ಮೇಲಿನ ಪ್ರೀತಿಯಿಂದಲ್ಲ. ಒಂದು ವರ್ಷ ನದಿ ಉಕ್ಕಿದಾಗ ಕೆಳಬೀದಿಯ ಅಂಗಡಿಗಳಲ್ಲಿ ಮೊಣಕಾಲುದ್ದ ನೀರು ನಿಂತಿತು; ಇವರ ಮೈದಾ ಮೂಟೆಗಳಿಗೆ ತೇವವೂ ತಾಕಲಿಲ್ಲ. ಈ ಕಡೆ ಬಂದ ನೀರು ಹುಲ್ಲಿನಲ್ಲಿ ಹರಡಿ ಅಲ್ಲೇ ಇಂಗಿತ್ತು. “ಆ ಹುಲ್ಲು ಕುಡಿಯೋದ್ರಿಂದ ನನ್ನ ಹಿಟ್ಟು ಒಣಗಿರತ್ತೆ,” ಎಂದು ಲೆಕ್ಕ ಹಾಕಿ ಕೊಂಡರು. ಕೆಲವು ವರ್ಷಗಳ ನಂತರ ಊರಿನ ಭೂಸಂರಕ್ಷಣಾ ಟ್ರಸ್ಟಿನವರು ಬಂದು, ಜಮೀನು ನಿಮ್ಮದೇ ಇರಲಿ, ಮುಂದೆ ಯಾರೂ ಅದರ ಮೇಲೆ ಕಟ್ಟಡ ಎಬ್ಬಿಸದಂತೆ ಕರಾರು ಮಾಡಿಕೊಳ್ಳೋಣ ಎಂದಾಗ ಕೂಡಲೇ ಒಪ್ಪಿದರು. ಮನೆಯ ಸುತ್ತ ಹತ್ತಡಿ ಬಿಟ್ಟು ಗೆರೆ ಹಾಕಿಸಿಕೊಳ್ಳಿ ಎಂದು ಟ್ರಸ್ಟಿನವರೇ ಹೇಳಿದ್ದರು. ಮುದುಕರು ಕೇಳಲಿಲ್ಲ. “ಹತ್ತು ಬಿಟ್ರೆ ನನ್ನ ಮಕ್ಕಳು ಇಪ್ಪತ್ತು ಕೇಳ್ತಾರೆ. ಗೋಡೆಗೆ ತಾಗಿಸಿ.” ಆಗ ಅವರು ಹಿಟ್ಟಿನ ಮೂಟೆಯನ್ನು ಬೆನ್ನ ಮೇಲೆ ಹೊತ್ತು ಓಡಾಡುತ್ತಿದ್ದರು. ತಮ್ಮ ಸೊಂಟದ ಲೆಕ್ಕ ಹಾಕಿರಲಿಲ್ಲ.

ಟ್ರಸ್ಟಿನ ಆಡಳಿತ ಮಂಡಳಿಗೆ ಸೊಸೆ ಸೇರಿದ್ದು ಮಾವನ ಬದಲಿಗೆ. ಮೊದಲು ಕರೆದದ್ದು ಅವರನ್ನೇ. ಒಂದು ಸಭೆಗೆ ಹೋದರು, ಅರ್ಧದಲ್ಲಿ ಗೊರಕೆ ಹೊಡೆದರು. “ಸಂಜೆ ಏಳಕ್ಕೆ ಮೀಟಿಂಗ್ ಇಡೋರಿಗೆ ಬೇಕರಿಯವನು ಯಾಕೆ? ನೀನು ಹೋಗಮ್ಮ,” ಎಂದು ಸೊಸೆಯನ್ನು ಕಳಿಸಿದರು. ಒಂದು ಸಲ ಹೋಗಿಬರುತ್ತೇನೆ ಎಂದವಳು ಆರು ವರ್ಷದಿಂದ ಅಲ್ಲಿದ್ದಾಳೆ, ಈಗ ಕಾರ್ಯದರ್ಶಿ. ಸಂಬಳವಿಲ್ಲ. ತಿಂಗಳಿಗೊಂದು ಸಭೆ, ಸಭೆಯ ನಡಾವಳಿ ಬರೆಯುವುದು, ಮಳೆಗಾಲ ಮುಗಿದ ಮೇಲೆ ಗಂಬೂಟು ಹಾಕಿಕೊಂಡು ಟ್ರಸ್ಟಿನ ಕರಾರಿರುವ ಎಲ್ಲ ಜಮೀನುಗಳ ಗಡಿ ಸುತ್ತುವುದು, ಯಾರಾದರೂ ಕಲ್ಲುಮಣ್ಣು ಸುರಿದಿದ್ದರೆ ಅವರ ಮನೆ ಬಾಗಿಲಿಗೆ ಹೋಗಿ ನಯವಾಗಿ ಜಗಳವಾಡುವುದು. ಊಟಕ್ಕೆ ಕುಳಿತಾಗಲೇ ಫೋನು ಬರುತ್ತಿತ್ತು. ಗಂಡ ಅವಳನ್ನು ಹುಲ್ಲಿನ ಮಂತ್ರಿ ಎಂದು ಕರೆಯುತ್ತಿದ್ದ.

ಭಾನುವಾರ ಮುದುಕರ ಮಗಳು ಬಂದಳು. ಬಸ್ಸಿನಲ್ಲಿ ಎರಡು ತಾಸಿನ ದಾರಿಯ ಪಟ್ಟಣದಲ್ಲಿ ಅವಳ ಮನೆ. ಅಪ್ಪನ ಹಾಸಿಗೆಯ ಪಕ್ಕ ಕುಳಿತು ಅನ್ನ, ಬೇಳೆ, ಬೇಯಿಸಿದ ತರಕಾರಿ ಬಡಿಸಿಕೊಂಡಳು. ಪರದೆಯ ಕಡೆ ನೋಡಿದಳು, ತಟ್ಟೆ ಕೆಳಗಿಟ್ಟಳು.

“ಅತ್ತಿಗೆ, ಹೀಗೆ ಎಷ್ಟು ದಿನ?”

“ದಾರಿ ಹುಡುಕ್ತಿದೀವಿ.”

“ದಾರಿ ನಮ್ಮ ಮನೇಲಿದೆ. ನೆಲಮಹಡಿ, ಬಚ್ಚಲು ಪಕ್ಕದಲ್ಲೇ. ಈ ತಿಂಗಳ ಕೊನೆಗೆ ಕಾರು ತರ್ತೀನಿ, ಅಪ್ಪನ್ನ ಕರ್ಕೊಂಡು ಹೋಗ್ತೀನಿ.”

“ಅಪ್ಪ ಇಲ್ಲೇ ಇರ್ತಾರೆ,” ಎಂದ ಮಗ. “ಹಿಂದುಗಡೆ ಕೋಣೆ ಕಟ್ಟಿಸ್ತೀನಿ.”

“ಕಟ್ಟೋಕೆ ಅತ್ತಿಗೆ ಟ್ರಸ್ಟು ಬಿಡತ್ತಾ?”

“ನನ್ನ ಟ್ರಸ್ಟಲ್ಲ,” ಎಂದಳು ಸೊಸೆ.

“ಮತ್ಯಾರ್ದು? ಮಂಡಳೀಲಿ ಕೂತಿರೋದು ನೀವಲ್ವಾ? ಆ ಹುಲ್ಲಿಗಿರೋ ಬೆಲೆ ಅಪ್ಪನಿಗಿಲ್ಲ ಅಂದ್ರೆ ಹೇಳಿಬಿಡಿ. ನಾನು ಕರ್ಕೊಂಡು ಹೋಗ್ತೀನಿ, ನೀವು ಆರಾಮಾಗಿ ಹಕ್ಕಿ ನೋಡ್ಕೊಂಡಿರಿ.”

ಮುದುಕರು ನೀರು ಕುಡಿದರು.

“ನಾನೇನು ಪಾರ್ಸೆಲ್ಲಾ?” ಎಂದರು. “ತಿಂಗಳ ಕೊನೆಗೆ ಬಂದು ಎತ್ಕೊಂಡು ಹೋಗೋಕೆ?”

“ಅಪ್ಪ, ನಿಮ್ಮ ಒಳ್ಳೇದಕ್ಕೇ ಹೇಳಿದ್ದು.”

“ಗೊತ್ತು ಕಣಮ್ಮ. ನಿಮ್ಮನೇಲಿ ಬಚ್ಚಲು ಚೆನ್ನಾಗಿದೆ. ಕಿಟಕಿ ತೆರೆದ್ರೆ ಎದುರುಮನೆ ಗೋಡೆ ಕಾಣತ್ತೆ. ಅದನ್ನ ನೋಡ್ತಾ ಎಷ್ಟು ಹೊತ್ತು ಕೂರ್ಲಿ?” ಆಮೇಲೆ ಸೇರಿಸಿದರು: “ಇವರಿಗೆ ಕಷ್ಟ ಆದ್ರೆ ಬರ್ತೀನಿ. ಬರಲ್ಲ ಅನ್ನಲ್ಲ.”

ಆ ಕೊನೆಯ ಮಾತು ಸೊಸೆಗೆ ನಾಟಿತು. ಮಾವ ಯಾರ ಮಾತಿಗೂ ಅಷ್ಟು ಸುಲಭವಾಗಿ ಒಪ್ಪಿದ್ದನ್ನು ಅವಳು ನೋಡಿರಲಿಲ್ಲ.

ಮರುವಾರ ಟ್ರಸ್ಟಿನ ಆಫೀಸಿನಲ್ಲಿ ಟಪಾಲು ಒಡೆಯುವಾಗ ಅವಳಿಗೆ ತನ್ನದೇ ಮನೆಯ ವಿಳಾಸದಿಂದ ಬಂದ ಅರ್ಜಿ ಸಿಕ್ಕಿತು. ಅಡುಗೆಮನೆಗೆ ಹೊಂದಿಸಿ ಒಂದು ಕೋಣೆ ಕಟ್ಟಲು ವಿನಾಯಿತಿ ಕೋರಿ ಗಂಡ ಬರೆದಿದ್ದ. ಕೆಳಗೆ ಮಾವನ ರುಜು. ಬೇರೆ ಯಾರ ಅರ್ಜಿಯಾಗಿದ್ದರೂ ಮಾಡುತ್ತಿದ್ದಂತೆ ಅದಕ್ಕೆ ಬಂದ ತಾರೀಕು ಹಾಕಿ, ಮುಂದಿನ ಸಭೆಯ ವಿಷಯಗಳಲ್ಲಿ ಸೇರಿಸಿದಳು.

ಸಂಜೆ ಓವನ್ ಕೋಣೆಗೆ ಹೋದಳು. ಮಗ ಮರುದಿನದ ಟ್ರೇಗಳಿಗೆ ಎಣ್ಣೆ ಸವರುತ್ತಿದ್ದ.

“ನನಗೊಂದು ಮಾತು ಹೇಳಬಹುದಿತ್ತು.”

“ಹೇಳಿದ್ರೆ ಬೇಡ ಅಂತಿದ್ದೆ.”

“ಅರ್ಜಿ ಹಾಕೋಕೆ ಎಲ್ಲರಿಗೂ ಹಕ್ಕಿದೆ. ಬೇಡ ಅಂತಿರಲಿಲ್ಲ.”

“ಸರಿ, ಈಗ ಹಾಕಿದೀನಿ. ನೀನು ಅಲ್ಲಿ ಒಂದು ಮಾತು ಆಡು.”

“ಆಡೋ ಹಾಗಿಲ್ಲ. ಮನೆಯವರ ವಿಷಯ ಬಂದಾಗ ಸದಸ್ಯರು ಎದ್ದು ಹೊರಗೆ ಹೋಗ್ಬೇಕು. ಅದು ನಿಯಮ.”

“ಯಾರು ಮಾಡಿದ ನಿಯಮ?”

“ನಾವೇ.”

ಮಗ ಬ್ರಷ್ಷನ್ನು ಎಣ್ಣೆಯ ಡಬ್ಬಕ್ಕೆ ಹಾಕಿದ. “ಹೊರಗೆ ಕೂರೋದಕ್ಕೆ ಆರು ವರ್ಷ ಚಾಕರಿ ಮಾಡಿದ್ಯಾ? ಊಟ ತಣ್ಣಗಾದ್ರೂ ಫೋನ್ ಎತ್ತಿದೀಯ. ಜ್ವರ ಇದ್ದಾಗ ಗಡಿ ಸುತ್ತಿದೀಯ. ಒಂದೇ ಒಂದು ಸಲ ಮನೆಗೆ ಉಪಯೋಗಕ್ಕೆ ಬರ್ಬೇಕು ಅಂದ್ರೆ ಎದ್ದು ಹೊರಗೆ ಹೋಗ್ತೀಯ.”

“ಹೂಂ, ಹೋಗ್ತೀನಿ.”

“ಹೋಗು.”

ಆ ವಾರ ಗಂಡ ಹೆಂಡತಿ ಇಬ್ಬರೂ ಮೊಮ್ಮಗಳ ಮೂಲಕ ಮಾತಾಡಿದರು. “ನಿಮ್ಮಪ್ಪಂಗೆ ಸೂಪು ಬೇಕಾ ಕೇಳು.” “ಬೇಕು ಅಂತ ಹೇಳು.” ಮೂರನೆಯ ದಿನ ಮೊಮ್ಮಗಳು ಸೌಟು ಕೆಳಗಿಟ್ಟಳು. “ನನಗೆ ಎಲೆಕ್ಟ್ರಿಕ್ ಲೈನ್ ಎಳೆಯೋದು ಗೊತ್ತು, ಟೆಲಿಫೋನ್ ಲೈನ್ ನನ್ನ ಕೆಲಸ ಅಲ್ಲ,” ಎಂದು ಮೇಲೆ ಹೋದಳು.

ಊರಿನಲ್ಲಿ ಸುದ್ದಿ ಬೇಗ ಹಬ್ಬಿತು. ನರ್ಸರಿಯವರು ಬ್ರೆಡ್ಡಿಗೆ ಬಂದಾಗ ಅಂಗಡಿಯಲ್ಲಿ ಮಗನೇ ಇದ್ದ. ನರ್ಸರಿಯವರ ಜಮೀನು ಅದೇ ಹುಲ್ಲುಗಾವಲಿನ ಮೇಲ್ಭಾಗದಲ್ಲಿದೆ, ಅದರ ಮೇಲೂ ಟ್ರಸ್ಟಿನ ಕರಾರಿದೆ. ಸಸಿಗಳನ್ನು ಪೆಟ್ಟಿಗೆಗೆ ತುಂಬಲು ಅಲ್ಲೊಂದು ಶೆಡ್ ಬೇಕು ಎಂದು ಹಿಂದಿನ ವರ್ಷ ಕೇಳಿದ್ದರು. ಮಂಡಳಿ ಒಪ್ಪಿರಲಿಲ್ಲ. ಸಭೆಯಲ್ಲಿ ಎದ್ದು ನಿಂತು, ಮೇಲೆ ಮಣ್ಣು ತುಂಬಿದರೆ ನೀರು ಕೆಳಬೀದಿಗೆ ನುಗ್ಗುತ್ತದೆ ಎಂದು ಹೇಳಿದವಳು ಸೊಸೆ.

“ನಿಮಗೆ ಕೊಡಲೇಬೇಕು,” ಎಂದರು ನರ್ಸರಿಯವರು. “ಆ ವಯಸ್ಸಲ್ಲಿ ಪರದೆ ಹಿಂದೆ ಕೂರೋದಾ? ನನ್ನ ಮನಸ್ಸಿನ ಮಾತು ಹೇಳ್ತಿದೀನಿ, ಕೊಡ್ಬೇಕು.”

“ನಿಮ್ಮ ದೊಡ್ಡ ಮನಸ್ಸು.”

“ದೊಡ್ಡದೇನಲ್ಲ. ನಿಮಗೆ ಕೊಟ್ಟ ಮಾರನೇ ದಿನ ನನ್ನ ಶೆಡ್ಡಿನ ಅರ್ಜಿ ಮತ್ತೆ ಹೋಗತ್ತೆ. ಆಗ ನನಗೂ ಕೊಡ್ಬೇಕಾಗತ್ತಲ್ಲ. ದೊಡ್ಡ ಬ್ರೆಡ್ ಒಂದು ಕೊಡಿ, ಕಟ್ ಮಾಡ್ಬೇಡಿ.”

ಮಗ ನಕ್ಕು ಬ್ರೆಡ್ ಕಟ್ಟಿಕೊಟ್ಟ. ಈ ಮಾತನ್ನು ಹೆಂಡತಿಗೆ ಹೇಳಲಿಲ್ಲ. ಮಂಚದವರೆಗೆ ಅದು ಹೇಗೂ ಕೇಳಿಸಿತ್ತು.

ನಿರ್ಧಾರಕ್ಕೆ ಮುನ್ನ ಸ್ಥಳ ನೋಡುವುದು ಮಂಡಳಿಯ ಪದ್ಧತಿ. ಶನಿವಾರ ಆರು ಮಂದಿ ಗಂಬೂಟು ಹಾಕಿಕೊಂಡು ಅಡುಗೆಮನೆಯ ಹಿಂದೆ ಬಂದು ನಿಂತರು. ಸೊಸೆ ಮನೆಯಲ್ಲಿರಲಿಲ್ಲ, ಬೇಕೆಂದೇ ಔಷಧಿ ಅಂಗಡಿಯಲ್ಲಿ ಹೆಚ್ಚಿನ ಪಾಳಿ ಹಾಕಿಸಿಕೊಂಡಿದ್ದಳು. ಮಂಡಳಿಯ ಅಧ್ಯಕ್ಷರು ನಿವೃತ್ತ ಪಶುವೈದ್ಯರು, ಊರಿಗೆಲ್ಲ ದನದ ಡಾಕ್ಟರು. ಅವರು ಕಿಟಕಿಯ ಬಳಿ ಬಂದು ಸರಳಿಗೆ ಕೈ ಊರಿದರು.

“ಯಜಮಾನ್ರೇ, ಅವತ್ತೇ ಹೇಳಿದ್ದೆ. ಹತ್ತಡಿ ಬಿಟ್ಟುಕೊಳ್ಳಿ ಅಂತ.”

“ಹೇಳಿದ್ರಿ. ನಾನು ಕೇಳಲಿಲ್ಲ. ಕಾಲು ಹೇಗಿದೆ ನಿಮ್ದು?”

“ಮಂಡಿ ಹೋಗಿದೆ. ನಿಮಗೆ ಈ ಕೋಣೆ ಬೇಕಾ?”

“ಮಗನಿಗೆ ಬೇಕು,” ಎಂದರು ಮುದುಕರು. “ಅದಕ್ಕೇ ರುಜು ಹಾಕ್ದೆ.”

ಮಂಗಳವಾರದ ಸಭೆಯಲ್ಲಿ ಆ ವಿಷಯ ಬಂದಾಗ ಸೊಸೆ ಪೆನ್ನನ್ನು ಪಕ್ಕದವರಿಗೆ ಕೊಟ್ಟು ಎದ್ದಳು. ಹೊರಗಿನ ಪಡಸಾಲೆಯಲ್ಲಿ ಒಂದು ಬೆಂಚು, ಎದುರಿಗೆ ಹಳೆಯ ಕೊಡೆಗಳ ಬುಟ್ಟಿ. ಬಾಗಿಲ ಹಿಂದಿನ ಮಾತು ಸ್ಪಷ್ಟವಾಗಿ ಕೇಳುತ್ತಿರಲಿಲ್ಲ. ಕೊಡಲಿ ಎಂದು ಅವಳಿಗೆ ಆಸೆಯಿತ್ತು. ಕೊಡಬಾರದು ಎಂದೂ ಗೊತ್ತಿತ್ತು. ಅವಳು ಆ ಕೋಣೆಯೊಳಗೆ ಇದ್ದಿದ್ದರೆ ಕೈ ಯಾವ ಕಡೆ ಎತ್ತುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

ದನದ ಡಾಕ್ಟರೇ ಬಂದು ಬಾಗಿಲು ತೆರೆದರು.

“ಒಳಗೆ ಬನ್ನಮ್ಮ, ಬರ್ಕೊಳ್ಳಿ. ವಿನಾಯಿತಿ ಕೊಟ್ಟಿದೆ. ನಾಲ್ಕು ಮಂದಿ ಪರ, ಇಬ್ಬರು ವಿರುದ್ಧ. ವಿರುದ್ಧ ಅಂದವರಲ್ಲಿ ನಾನೊಬ್ಬ. ನಿಮಗೆ ನನ್ನ ಬಾಯಿಂದಲೇ ತಿಳೀಲಿ ಅಂತ ಹೇಳ್ತಿದೀನಿ.”

“ಥ್ಯಾಂಕ್ಸ್ ಡಾಕ್ಟ್ರೇ.”

“ಯಾವುದಕ್ಕೆ? ಕೊಟ್ಟಿದ್ದಕ್ಕಾ, ಬೇಡ ಅಂದಿದ್ದಕ್ಕಾ?”

ಸೊಸೆ ಒಳಗೆ ಹೋಗಿ ಪೆನ್ನು ತೆಗೆದುಕೊಂಡಳು.

ಮನೆಯಲ್ಲಿ ಸಂಭ್ರಮ. ಮಗ ಬುಧವಾರವೇ ಗಾರೆ ಕೆಲಸದವನಿಗೆ ಹೇಳಿಬಂದ, ಸೋಮವಾರ ಪಾಯ ತೋಡುವುದೆಂದು ನಿಗದಿಯಾಯಿತು. ಹುಲ್ಲಿನ ಮೇಲೆ ಸುಣ್ಣದ ಪುಡಿಯಿಂದ ಕೋಣೆಯ ಗುರುತು ಎಳೆದ. ತಂಗಿಗೆ ಫೋನು ಮಾಡಿ, ಕಾರು ತರುವುದು ಬೇಡ ಎಂದ. ಶುಕ್ರವಾರ ನರ್ಸರಿಯವರ ಅರ್ಜಿ ಟ್ರಸ್ಟಿಗೆ ತಲುಪಿತು. ಅದರ ಜೊತೆಗೆ ಮಂಡಳಿಯವರಿಗೆಲ್ಲ ಪ್ರೀತಿಯಿಂದ ಎಂದು ಒಂದು ಪೆಟ್ಟಿಗೆ ಚೆಂಡುಹೂವಿನ ಸಸಿ.

ಶನಿವಾರ ಮಧ್ಯಾಹ್ನ ಎಲ್ಲರೂ ಅಡುಗೆಮನೆಯಲ್ಲಿ ಊಟಕ್ಕೆ ಕುಳಿತಿದ್ದರು. ಆಲೂಗಡ್ಡೆ ಸೂಪು, ಬೇಯಿಸಿದ ಮೊಟ್ಟೆ, ಬೆಳಗಿನ ಬ್ರೆಡ್. ಮುದುಕರ ತಟ್ಟೆ ಮಂಚದ ಪಕ್ಕದ ಸ್ಟೂಲಿನ ಮೇಲೆ.

“ಕೊಟ್ಟಾಯ್ತಲ್ಲ,” ಎಂದ ಮಗ. “ಇನ್ನೂ ಮುಖ ಯಾಕೆ ಗಂಟು ಹಾಕಿದೀಯ?”

“ನರ್ಸರಿಯವರ ಅರ್ಜಿ ಬಂತು.”

“ಬರ್ಲಿ. ಆಗಲ್ಲ ಅನ್ನಿ.”

“ಯಾವ ಬಾಯಲ್ಲಿ ಅನ್ನೋದು?”

“ನಮ್ದು ಮನುಷ್ಯರಿಗೆ, ಅವರದು ಗಿಡದ ಪೆಟ್ಟಿಗೆಗೆ. ವ್ಯತ್ಯಾಸ ಇಲ್ವಾ?”

“ಪೆಟ್ಟಿಗೆ ಹೊರೋದು ಮನುಷ್ಯರೇ. ಬಿಸಿಲಲ್ಲಿ ಹೊತ್ತು ಹೊತ್ತು ಅವರ ಮಗನಿಗೆ ಬೆನ್ನು ಹಿಡ್ಕೊಂಡಿದೆ ಅಂತ ಬರೆದಿದಾರೆ. ಸುಳ್ಳಲ್ಲ. ನಾನೇ ಅವನಿಗೆ ಮುಲಾಮು ಕೊಟ್ಟಿದೀನಿ. ಅವರಿಗೆ ಕೊಟ್ರೆ ಆಚೆಯವರು ಕೇಳ್ತಾರೆ. ಅವರಿಗೂ ಏನೋ ಒಂದು ನೋವು ಇರತ್ತೆ. ಎಲ್ಲಾರ್ದೂ ನಿಜಾನೇ. ಆಮೇಲೆ ಒಂದು ವರ್ಷ ನೀರು ಬರತ್ತೆ.”

“ಮಾತಾಡಬೇಕಾದ ಕಡೆ ಹೊರಗೆ ಕೂತೆ. ಈಗ ಊಟಕ್ಕೆ ಕೂತಾಗ ಭಾಷಣ ಮಾಡ್ತೀಯ.”

“ಅಲ್ಲಿ ನಾನು ಬಾಯಿ ಬಿಡೋ ಹಾಗಿರಲಿಲ್ಲ. ಇಲ್ಲಿ ಈ ಮನೆ ಸೊಸೆ. ಇಲ್ಲಿ ಬಿಡಬಹುದು.”

“ಹಾಗಾದ್ರೆ ಬಿಡು. ಅಪ್ಪನ್ನ ತಂಗಿ ಮನೆಗೆ ಕಳಿಸೋಣ್ವಾ?”

“ಕಳಿಸಲ್ಲ.”

“ಮತ್ತೆ ಎಲ್ಲಿ ಇಡ್ತೀಯ?”

“ನಾನೇನು ಬಿಸ್ಕತ್ ಡಬ್ಬಾನಾ, ಇಡೋಕೆ?” ಎಂದರು ಮುದುಕರು ಮೊಟ್ಟೆ ಸುಲಿಯುತ್ತ.

ಸೊಸೆ ಅವರ ಕಡೆ ತಿರುಗಿದಳು. ಮಂಚ, ಕಿಟಕಿ, ನಲ್ಲಿ, ಪರದೆ ಕಟ್ಟಿದ ಮೂಲೆ, ಎಲ್ಲವನ್ನೂ ಒಂದು ಸುತ್ತು ನೋಡಿದಳು.

“ಈಗ ಇರೋ ಕಡೆನೇ,” ಎಂದಳು.

“ಅಡುಗೆಮನೇಲಾ?”

“ಒಲೆ ಇರೋದ್ರಿಂದ ಇದು ಅಡುಗೆಮನೆ. ಒಲೆ ಮಹಡಿಗೆ ಹೋದ್ರೆ ಇದು ಕೋಣೆ. ನೀರಿದೆ, ನೀರು ಹೋಗೋಕೆ ಪೈಪಿದೆ. ಆ ಮೂಲೆಗೊಂದು ಗೋಡೆ ಎಬ್ಬಿಸಿದ್ರೆ ಬಚ್ಚಲು. ಮೇಲೆ ಮಾವನ ಕೋಣೆ ಖಾಲಿ ಬಿದ್ದಿದೆ, ಅದರ ಪಕ್ಕದಲ್ಲೇ ನಲ್ಲಿ. ಅಡುಗೆ ಅಲ್ಲಿ ಮಾಡೋಣ.”

ಇಷ್ಟು ವಾರ ಮನೆಯವರೆಲ್ಲ ಟೇಪು ಹಿಡಿದದ್ದು ಗೋಡೆಯ ಆಚೆಗೆ.

“ಮೇಲೆ ಕರೆಂಟ್ ಒಲೆ ಇಟ್ರೆ ಬೇರೆ ಲೈನ್ ಎಳೀಬೇಕು,” ಎಂದಳು ಮೊಮ್ಮಗಳು. ಸ್ವಲ್ಪ ಯೋಚಿಸಿ, “ಎಳೀಬಹುದು,” ಎಂದಳು.

“ಅಡುಗೆಮನೆ ಮಹಡಿ ಮೇಲಿರೋದನ್ನ ಎಲ್ಲಾದ್ರೂ ನೋಡಿದೀಯಾ?” ಎಂದ ಮಗ.

“ಗೆರೆ ಗೋಡೆಗೆ ತಾಗಿರೋದನ್ನೂ ಎಲ್ಲೂ ನೋಡಿಲ್ಲ.”

“ದಿನಾ ಮೂರು ಹೊತ್ತು ಅಪ್ಪನ ಊಟ ಕೆಳಗೆ ಇಳಿಸೋರು ಯಾರು?”

“ಹಿಟ್ಟಿನ ಮೂಟೆ ಹೊರೋರಿಗೆ ಒಂದು ತಟ್ಟೆ ಭಾರ ಆಗತ್ತಾ?”

ಮಗ ತಟ್ಟೆ ತಳ್ಳಿ ಎದ್ದ. ಓವನ್ ಕೋಣೆಯ ಬಾಗಿಲು ಸದ್ದು ಮಾಡಿತು.

ಸೊಸೆ ಹಿಂದೆ ಹೋಗಲು ಏಳುವಷ್ಟರಲ್ಲಿ ಮುದುಕರು ಕೈ ಅಡ್ಡ ಹಿಡಿದರು. “ನೀನು ಊಟ ಮಾಡಮ್ಮ. ಪುಟ್ಟಿ, ಆ ವಾಕರ್ ಕೊಡು.”

ಬಿದ್ದ ಮೇಲೆ ಅವರು ಓವನ್ ಕೋಣೆಗೆ ಕಾಲಿಟ್ಟಿರಲಿಲ್ಲ. ಮೊಮ್ಮಗಳು ಬೆನ್ನ ಹಿಂದೆ ಕೈ ಚಾಚಿಕೊಂಡೇ ಹೊಸ್ತಿಲವರೆಗೆ ಹೋಗಿ ನಿಂತಳು. ಮಗ ಬೆನ್ನು ತಿರುಗಿಸಿ, ಬೆಳಗ್ಗೆಯೇ ಉಜ್ಜಿದ್ದ ಟ್ರೇಗಳನ್ನು ಮತ್ತೆ ಉಜ್ಜುತ್ತಿದ್ದ.

“ನಿನಗೆ ಎಚ್ಚರ ಆಗಲಿಲ್ಲ ಅಂತ ನನಗೆ ಕೋಣೆ ಕಟ್ಟಿಸ್ತಿದೀಯಾ?” ಎಂದರು ಮುದುಕರು.

ಮಗ ಟ್ರೇ ಕೆಳಗಿಟ್ಟ. “ನಾನು ಎದ್ದಿದ್ರೆ ನೀವು ಇಳೀತಿರಲಿಲ್ಲ.”

“ನಾನು ನಿನ್ನ ವಯಸ್ಸಲ್ಲಿ ಎಷ್ಟು ಸಲ ಮಲಗಿಬಿಟ್ಟಿದೀನಿ ಗೊತ್ತಾ? ನಿಮ್ಮಮ್ಮ ಮುಖಕ್ಕೆ ನೀರು ಎರಚ್ತಿದ್ಲು. ಒಂದು ಸಲ ಚೊಂಬು ಸಮೇತ ಬಿತ್ತು.”

“ನಿಮಗೊಂದು ಕೋಣೆ ಕಟ್ಟಿಸೋಕೆ ನನ್ನ ಕೈಲಿ ಆಗಲಿಲ್ಲ ಅಂತ ಆಗತ್ತಪ್ಪ. ತಂಗಿ ಏನಂತಾಳೆ?”

“ಅವಳು ಏನಾದ್ರೂ ಅಂತಾಳೆ, ಅನ್ನದೇ ಇರೋದು ಯಾವಾಗ? ನೋಡು, ನೀನು ಹೊರಗೆ ಗುರುತು ಹಾಕಿರೋ ಕೋಣೆಯಿಂದ ಈ ಓವನ್ ಸದ್ದು ಕೇಳಲ್ಲ. ಇಲ್ಲಿಂದ ಕೇಳತ್ತೆ. ನೀನು ಏಳದಿದ್ರೆ ನಾನು ಮಲಗಿದ ಕಡೆಯಿಂದಲೇ ಕೂಗಬಹುದು, ಇಳಿಯೋ ಕೆಲಸ ಇಲ್ಲ.”

ಮಗ ಮೂಗು ಒರೆಸಿಕೊಂಡ, ಆಮೇಲೆ ನಕ್ಕ. “ಮೂರೂವರೆಗೆ ಕೂಗ್ತೀರಾ?”

“ಮೂರೂ ಇಪ್ಪತ್ತಕ್ಕೆ. ಹತ್ತು ನಿಮಿಷ ನೀನು ಬೈಯೋಕೆ ಬೇಕಲ್ಲ.” ಮುದುಕರು ವಾಕರನ್ನು ಓವನ್ನಿನ ಹತ್ತಿರಕ್ಕೆ ಸರಿಸಿ, ಆರುತ್ತಿದ್ದ ಇಟ್ಟಿಗೆಯ ಮೇಲೆ ಅಂಗೈ ಇಟ್ಟರು. “ನಿನ್ನ ಹೆಂಡತಿ ತನ್ನ ಅಡುಗೆಮನೆ ಬಿಡ್ತೀನಿ ಅಂತಿದಾಳೆ ಕಣೋ. ಅದಕ್ಕಿಂತ ದೊಡ್ಡ ಕೋಣೆ ನೀನೂ ಕಟ್ಟಿಸಲಾರೆ, ನಾನೂ ಕಟ್ಟಿಸಲಾರೆ. ಹೋಗು, ಸೂಪು ಆರತ್ತೆ.”

ಮಗ ಅಡುಗೆಮನೆಗೆ ವಾಪಸು ಬಂದು ತನ್ನ ಜಾಗದಲ್ಲಿ ಕುಳಿತ. ಹೆಂಡತಿ ಅವನ ಬಟ್ಟಲನ್ನು ಮತ್ತೆ ಬಿಸಿ ಮಾಡಿ ಮುಂದಿಟ್ಟಳು.

“ಮಂತ್ರಿಗಳೇ,” ಎಂದ ಅವನು ತಲೆ ಎತ್ತದೆ, “ಮೇಲಿನ ಕೋಣೆ ಕಿಟಕಿಗೆ ಹೊಗೆ ಎಳೆಯೋ ಫ್ಯಾನ್ ಬೇಕಾಗತ್ತೆ.”

“ಹೂಂ, ಬೇಕಾಗತ್ತೆ.”

“ನರ್ಸರಿಯವರು ನನಗೆ ಮೊದಲೇ ಹೇಳಿದ್ರು. ಅರ್ಜಿ ಹಾಕ್ತೀನಿ ಅಂತ. ನಿನಗೆ ಹೇಳಲಿಲ್ಲ.”

“ಗೊತ್ತು. ಮಾವ ಹೇಳಿದ್ರು.”

ಸೋಮವಾರ ಗಾರೆ ಕೆಲಸದವನು ಹಾರೆ ಹಿಡಿದು ಮನೆಯ ಹಿಂದಕ್ಕೆ ಹೊರಟಾಗ ಮಗ ಅವನನ್ನು ಒಳಗೆ ಕರೆದ. ಆ ವಾರ ಮನೆಯವರು ಅಂಗಡಿಯ ಕೌಂಟರಿನ ಹಿಂದೆ ನಿಂತುಕೊಂಡೇ ಊಟ ಮಾಡಿದರು, ಹೆಚ್ಚಾಗಿ ಬನ್ನು. ಮುದುಕರು ಅಂಗಡಿಯ ಮೂಲೆಯ ಕುರ್ಚಿಯಲ್ಲಿ ಕುಳಿತು, ಬಂದ ಗಿರಾಕಿಗಳಿಗೆಲ್ಲ ತಮ್ಮ ಮನೆಯಲ್ಲಿ ಅಡುಗೆಮನೆಗೆ ಬಡ್ತಿ ಸಿಕ್ಕಿದೆ ಎಂದು ಹೇಳಿದರು. ಮೊಮ್ಮಗಳು ತನ್ನ ಗುರುವನ್ನು ಕರೆತಂದು ಮೇಲಿನ ಲೈನು ಎಳೆಸಿದಳು, ಅರ್ಧ ತಾನೇ ಎಳೆದಳು. ತಿಂಗಳ ಕೊನೆಗೆ ಮಗಳು ಕಾರು ತಂದೇ ತಂದಳು. ಹೊಸ ಬಚ್ಚಲಿನ ನಲ್ಲಿ ತಿರುಗಿಸಿ ನೋಡಿದಳು, ಗೋಡೆಗೆ ಹಿಡಿಯಲು ಸರಳು ಹಾಕಿದ್ದನ್ನು ಅಲ್ಲಾಡಿಸಿ ನೋಡಿದಳು. ಮೆಟ್ಟಿಲು ಹತ್ತಿ ಅತ್ತಿಗೆಯ ಅಡುಗೆಮನೆಗೆ ಹೋದಳು.

“ಇಲ್ಲಿಂದ ನದಿ ಕಾಣತ್ತೆ,” ಎಂದಳು.

“ನೀವು ಈರುಳ್ಳಿ ಹೆಚ್ಚಿ,” ಎಂದಳು ಸೊಸೆ. “ನದಿ ಆಮೇಲೆ ನೋಡೋಣ.”

ಮೊದಲ ದಿನದ ಊಟ ಮೇಲಿನಿಂದ ಕೆಳಗೆ ಬರುವಷ್ಟರಲ್ಲಿ ಆರಿತ್ತು. ಮುದುಕರು ಸ್ನಾನ ಮಾಡಿ, ಬಿಳಿ ಅಂಗಿ ತೊಟ್ಟು ಕುಳಿತಿದ್ದರು. ಎಲ್ಲರೂ ತಟ್ಟೆ ಹಿಡಿದು ಕೆಳಗೇ ಬಂದು, ಮಂಚದ ಮೇಲೂ ನೆಲದ ಮೇಲೂ ಕುಳಿತರು.

ಮುಂದಿನ ಸಭೆಯಲ್ಲಿ, ವಿನಾಯಿತಿಯನ್ನು ವಾಪಸು ಮಾಡಿದ ಮುದುಕರ ಕಾಗದ ಓದುವಾಗ ಸೊಸೆ ನಿಯಮದಂತೆ ಪಡಸಾಲೆಯ ಬೆಂಚಿನ ಮೇಲಿದ್ದಳು. ನರ್ಸರಿಯವರ ಅರ್ಜಿ ಬಂದಾಗ ಒಳಗಿದ್ದಳು, ಬೇಡ ಎಂದು ಕೈ ಎತ್ತಿದಳು. ಅರ್ಜಿ ಬಿದ್ದುಹೋಯಿತು. ನರ್ಸರಿಯವರು ಎರಡು ವಾರ ಬ್ರೆಡ್ಡನ್ನು ಬೇರೆ ಕಡೆ ಕೊಂಡರು. ಮೂರನೆಯ ವಾರ ಬಂದು ದೊಡ್ಡದೊಂದನ್ನು ಕಟ್ಟಿಸಿಕೊಂಡು, ಮುದುಕರನ್ನು ಮಾತಾಡಿಸಲು ಒಳಗೆ ಹೋದರು.